ಯಾವ ಬ್ಲಾಕ್ ಮೇಲು ಎನ್ನುವ ಮೊದಲು

ನರಗಳನ್ನು ಮರಗಟ್ಟಿಸುವ ಇರೆಕ್ಟರ್ ಸ್ಪೈನಿ ಬ್ಲಾಕ್ ಎಂಬ ಚುಚ್ಚುಮದ್ದು ಬಂದ ಮೇಲೆ ಸ್ತನದ ಶಸ್ತ್ರಚಿಕಿತ್ಸೆಯ ನೋವಿಗೆ ಪ್ಯಾರಾವರ್ಟಿಬ್ರಲ್ ಬ್ಲಾಕ್ ಬೇಕಿಲ್ಲ ಎಂಬ ಮಾತು ಅರಿವಳಿಕೆ ತಜ್ಞರ ನಡುವೆ ಈಚೆಗೆ ಸಲೀಸಾಗಿ ಓಡಾಡುತ್ತಿದೆ. 2016ರಲ್ಲಿ ಬೆಳಕಿಗೆ ಬಂದ ಇರೆಕ್ಟರ್ ಸ್ಪೈನಿ ವಿಧಾನ ಸುಲಭ, ನಿಜ. ಅಲ್ಟ್ರಾಸೌಂಡ್ ಪರದೆಯ ಮೇಲೆ ಬೆನ್ನೆಲುಬಿನ ಅಡ್ಡ ಚಾಚು ಕಂಡರೆ ಸಾಕು, ಸೂಜಿ ಆ ಎಲುಬಿಗೆ ತಾಗಿ ನಿಲ್ಲುತ್ತದೆ. ಶ್ವಾಸಕೋಶದ ಪೊರೆಗೆ ಚುಚ್ಚುವ ಭಯ ತೀರಾ ಕಡಿಮೆ. ಆದರೆ ಚುಚ್ಚುವವರಿಗೆ ಸುಲಭವಾದದ್ದರಿಂದ ನೋಯುವವರಿಗೆ ಹೆಚ್ಚು ಉಪಕಾರವಾಗುತ್ತದೆ ಎಂದು ಯಾರು ಹೇಳಿದರು? ಬೆನ್ನಿನ ಸ್ನಾಯುವಿನಡಿ ಬಿಟ್ಟ ಔಷಧ ಮುಂದಕ್ಕೆ ಹರಿದು ನರದ ಬುಡ ತಲುಪಬೇಕು. ಶವಗಳಲ್ಲಿ ಬಣ್ಣ ಹಾಕಿ ನೋಡಿದಾಗ ಅದು ಒಮ್ಮೆ ತಲುಪಿದೆ, ಇನ್ನೊಮ್ಮೆ ಇಲ್ಲ. ಪ್ಯಾರಾವರ್ಟಿಬ್ರಲ್‌ನಲ್ಲಿ ಔಷಧ ನೇರವಾಗಿ ಆ ಬುಡದಲ್ಲೇ ಬೀಳುತ್ತದೆ. ನೋವು ನಿವಾರಣೆಯ ಕುರಿತ 2020ರ ಪ್ರಾಸ್ಪೆಕ್ಟ್ ಶಿಫಾರಸುಗಳು ದೊಡ್ಡ ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಅದನ್ನೇ ಮೊದಲ ಆಯ್ಕೆಯಾಗಿಟ್ಟದ್ದು ಸರಿಯಾಗಿಯೇ ಇದೆ.

ಹಾಗೆಂದು ಪ್ಯಾರಾವರ್ಟಿಬ್ರಲ್ ಕೂಡ ಪೂರ್ಣವಲ್ಲ, ಮತ್ತು ಹೋಲಿಕೆಯ ಅಧ್ಯಯನಗಳು ಜಾರುವುದು ಇಲ್ಲಿಯೇ. ಎದೆಯ ಚರ್ಮಕ್ಕೆ ಪಕ್ಕೆಲುಬುಗಳ ನಡುವಿನ ನರಗಳು ಹೋಗುತ್ತವೆ. ಎದೆಯ ಸ್ನಾಯುಗಳಿಗೆ ಹೋಗುವ ಪೆಕ್ಟೋರಲ್ ನರಗಳು ಬರುವುದು ಕುತ್ತಿಗೆಯ ಕಡೆಯಿಂದ, ತೋಳಿನ ನರಜಾಲದಿಂದ. ಬೆನ್ನಿನಲ್ಲಿ ಕೊಟ್ಟ ಬ್ಲಾಕ್ ಅವನ್ನು ಮುಟ್ಟುವುದಿಲ್ಲ. 2011-12ರಲ್ಲಿ ರಫಾಯೆಲ್ ಬ್ಲಾಂಕೊ ವಿವರಿಸಿದ ಪೆಕ್ಸ್ ಬ್ಲಾಕ್ ಆ ನರಗಳನ್ನು ಹಿಡಿಯುತ್ತದೆ, ಕಂಕುಳಿಗೂ ಒದಗುತ್ತದೆ, ಆದರೆ ಎದೆ ಮೂಳೆಯ ಪಕ್ಕದ ಚರ್ಮವನ್ನು ಬಿಟ್ಟುಬಿಡುತ್ತದೆ. ಗಾಯ ಎಲ್ಲಿದೆ, ಕಂಕುಳಿನ ದುಗ್ಧಗ್ರಂಥಿಗಳನ್ನೂ ತೆಗೆದಿದ್ದಾರೆಯೇ ಎಂದು ಕೇಳದೆ 24 ಗಂಟೆಯಲ್ಲಿ ಎಷ್ಟು ಮಿಲಿಗ್ರಾಂ ಮಾರ್ಫಿನ್ ಉಳಿಯಿತು ಎಂದಷ್ಟೇ ಲೆಕ್ಕಹಾಕಿ ಗೆದ್ದವರನ್ನು ಘೋಷಿಸುವುದು ವಿಜ್ಞಾನವಲ್ಲ. ಅಲುಗದೆ ಮಲಗಿದಾಗ ನೋವಿಗೆ ಕೊಡುವ ಅಂಕೆಯೂ ಸಾಲದು. ಮರುದಿನ ಶಸ್ತ್ರಚಿಕಿತ್ಸೆಯಾದ ಮಹಿಳೆ ತಲೆ ಬಾಚಲು ಕೈ ಎತ್ತಿದಾಗ ಏನಾಗುತ್ತದೆ ಎಂಬುದನ್ನು ಅಳೆಯಲೇಬೇಕು.

ಪ್ಯಾರಾವರ್ಟಿಬ್ರಲ್ ಕಲಿಯಲು ಕಾಲ ಬೇಕು, ಅಪರೂಪಕ್ಕಾದರೂ ಎದೆಗೂಡಿನಲ್ಲಿ ಗಾಳಿ ತುಂಬುವ ಅಪಾಯವಿದೆ, ಎಲ್ಲ ಊರುಗಳಲ್ಲೂ ನುರಿತ ಕೈ ಇರುವುದಿಲ್ಲ ಎನ್ನುವವರ ಆಕ್ಷೇಪಣೆಯನ್ನು ನಾನು ಗೌರವಿಸುತ್ತೇನೆ. ಅಂಥ ಕಡೆ ಪೆಕ್ಸ್ ಕೊಡಲಿ, ಅದೂ ಆಗದಿದ್ದರೆ ಇರೆಕ್ಟರ್ ಸ್ಪೈನಿ ಕೊಡಲಿ. ಒಂದು ಬ್ಲಾಕಿಗೂ ಇನ್ನೊಂದಕ್ಕೂ ಇರುವ ಅಂತರಕ್ಕಿಂತ ಬ್ಲಾಕ್ ಸಿಕ್ಕವಳಿಗೂ ಸಿಗದವಳಿಗೂ ಇರುವ ಅಂತರ ದೊಡ್ಡದು. ಸ್ತನದ ಗಂಟನ್ನಷ್ಟೇ ತೆಗೆಯುವ ಚಿಕ್ಕ ಶಸ್ತ್ರಚಿಕಿತ್ಸೆಯಲ್ಲಿ ಗಾಯಕ್ಕೇ ಮರಗಟ್ಟಿಸುವ ಮದ್ದು ಕೊಟ್ಟು, ಜೊತೆಗೆ ಪ್ಯಾರಾಸಿಟಮಾಲ್ ಕೊಟ್ಟರೆ ಬಹಳಷ್ಟು ಜನರಿಗೆ ಸಾಕಾಗುತ್ತದೆ. ಹೆಂಗಸರು ಸಹಿಸಿಕೊಳ್ಳುತ್ತಾರೆ ಬಿಡಿ ಎನ್ನುವ ಮಾತು ಮಾತ್ರ ಉತ್ತರಕ್ಕೂ ಅರ್ಹವಲ್ಲ. ಇನ್ನೂ ಗಟ್ಟಿಯಾದ ಆಕ್ಷೇಪಣೆ 2019ರ ಲ್ಯಾನ್ಸೆಟ್ ಅಧ್ಯಯನದಿಂದ ಬರುತ್ತದೆ. 2,100ಕ್ಕೂ ಹೆಚ್ಚು ಮಹಿಳೆಯರಲ್ಲಿ ಒಂದು ಗುಂಪಿಗೆ ರಕ್ತನಾಳಕ್ಕೆ ಕೊಡುವ ಅರಿವಳಿಕೆ ಪ್ರೊಪೊಫಾಲ್ ಜೊತೆ ಪ್ಯಾರಾವರ್ಟಿಬ್ರಲ್, ಇನ್ನೊಂದಕ್ಕೆ ಅನಿಲದ ಅರಿವಳಿಕೆ ಮತ್ತು ಮಾರ್ಫಿನ್ ಬಗೆಯ ಓಪಿಯಾಯ್ಡ್ ನೋವುನಿವಾರಕ ಕೊಟ್ಟರು. ಕ್ಯಾನ್ಸರ್ ಮರುಕಳಿಸುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಆರು ತಿಂಗಳ ನಂತರ ಎರಡೂ ಗುಂಪುಗಳಲ್ಲಿ ಶೇ. 52 ಮಂದಿಗೆ ಗಾಯದ ಜಾಗ ಇನ್ನೂ ನೋಯುತ್ತಿತ್ತು. ಇದರಿಂದ ಮೊದಲ ರಾತ್ರಿಯ ನೆಮ್ಮದಿಯ ಬೆಲೆ ಕಡಿಮೆಯಾಗುವುದಿಲ್ಲ, ಆ ನೆಮ್ಮದಿಗಾಗಿಯೇ ಬ್ಲಾಕ್ ಕೊಡಬೇಕು. ಆದರೆ ಎರಡು ಬ್ಲಾಕುಗಳನ್ನು ಹೋಲಿಸುವ ಮುಂದಿನ ಅಧ್ಯಯನಗಳು ಒಂದು ದಿನಕ್ಕೆ ಪುಸ್ತಕ ಮುಚ್ಚದೆ, ಆರು ತಿಂಗಳಾದ ಮೇಲೆ ಅದೇ ಮಹಿಳೆಯರನ್ನು ಕರೆದು, ಕಂಕುಳು ಮತ್ತು ತೋಳಿನ ಒಳಬದಿ ಇನ್ನೂ ಉರಿಯುತ್ತಿದೆಯೇ ಎಂದು ಕೇಳಬೇಕು.