ಡಿಸ್ಕಿನೊಳಗೇ ನೇಯ್ದ ತೇಪೆ

ವಡಗಾವಿಯಿರಲಿ, ಖಾನಾಪುರವಿರಲಿ, ಮನೆಯ ಕಂಪ್ಯೂಟರ್ ಮೊಂಡಾಟ ಹೂಡಿತೆಂದರೆ ಸಿಗುವ ಸಲಹೆ ಒಂದೇ: ‘ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿಸಿ.’ ಹಾಗೆ ಹಾಕಿಸಿದ ವಿಂಡೋಸ್ ನಿಜಕ್ಕೂ ಹೊಸದೇ? ಡಿಸ್ಕ್ ತಯಾರಾದ ದಿನದಿಂದಲೇ ಅದಕ್ಕೆ ವಯಸ್ಸಾಗತೊಡಗುತ್ತದೆ. ಆಮೇಲೆ ಪತ್ತೆಯಾದ ದೋಷಗಳಿಗೆ ತಯಾರಕರು ಕೊಟ್ಟ ತೇಪೆಗಳು, ಅಂದರೆ ಅಪ್‌ಡೇಟುಗಳು, ಅದರಲ್ಲಿ ಇರುವುದಿಲ್ಲ.

ಇದರಿಂದಾಗುವ ಅಪಾಯವನ್ನು ಜಗತ್ತು 2003ರಲ್ಲಿ ಕಂಡಿತು. ವಿಂಡೋಸ್ 2000 ಮತ್ತು ಎಕ್ಸ್‌ಪಿಯಲ್ಲಿದ್ದ ಒಂದು ದೋಷಕ್ಕೆ ಮೈಕ್ರೋಸಾಫ್ಟ್ ಜುಲೈ 16ರಂದೇ ತೇಪೆ ಬಿಡುಗಡೆ ಮಾಡಿತ್ತು. ಆಗಸ್ಟ್ 11ರಂದು ಅದೇ ದೋಷದ ಮೂಲಕ ‘ಬ್ಲಾಸ್ಟರ್’ ಎಂಬ ವರ್ಮ್ ಹರಡತೊಡಗಿತು. 2001ರ ಸಿ.ಡಿ.ಯಿಂದ ಎಕ್ಸ್‌ಪಿ ಹಾಕಿ, ತೇಪೆ ಇಳಿಸಿಕೊಳ್ಳಲೆಂದು ಇಂಟರ್‌ನೆಟ್‌ಗೆ ಜೋಡಿಸಿದರೆ, ತೇಪೆಗಿಂತ ಮೊದಲು ವರ್ಮ್ ಒಳಗೆ ಬಂದುಬಿಡಬಹುದಿತ್ತು!

ಪರಿಹಾರವೇನು? ನೇಕಾರರ ಊರಾದ ವಡಗಾವಿಯ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ. ಸೀರೆ ಮಗ್ಗದಿಂದ ಇಳಿದ ಮೇಲೆ ಕಸೂತಿ ಹಾಕುವುದು ಒಂದು ಬಗೆ. ನೇಯುವಾಗಲೇ ವಿನ್ಯಾಸ ಕೂಡಿಸುವುದು ಇನ್ನೊಂದು. ಅಪ್‌ಡೇಟುಗಳನ್ನು ಡಿಸ್ಕಿನಲ್ಲೇ ಬೆರೆಸುವ ಎರಡನೆಯ ಬಗೆಗೆ ‘ಸ್ಲಿಪ್‌ಸ್ಟ್ರೀಮಿಂಗ್’ ಎಂದು ಹೆಸರು.

ಎಕ್ಸ್‌ಪಿಯ ಕಾಲದಲ್ಲಿ ಸಿ.ಡಿ.ಯ ಕಡತಗಳನ್ನೆಲ್ಲ ಹಾರ್ಡ್ ಡಿಸ್ಕಿನ ಒಂದು ಫೋಲ್ಡರಿಗೆ ನಕಲಿಸಿ, ಸರ್ವಿಸ್ ಪ್ಯಾಕನ್ನು ‘ಇಂಟಿಗ್ರೇಟ್’ ಎಂಬ ಆದೇಶದೊಡನೆ ನಡೆಸಿದರೆ ಹಳೆಯ ಕಡತಗಳ ಜಾಗದಲ್ಲಿ ಹೊಸವು ಬಂದು ಕೂರುತ್ತಿದ್ದವು. ಬಳಿಕ ಬೂಟ್ ಆಗುವಂತೆ ಹೊಸ ಸಿ.ಡಿ. ಬರೆಯಬೇಕಿತ್ತು, ಕಡತಗಳನ್ನಷ್ಟೇ ನಕಲಿಸಿದರೆ ಅದರಿಂದ ಯಂತ್ರ ಶುರುವಾಗುತ್ತಿರಲಿಲ್ಲ. ಈಗ ಸಿ.ಡಿ.ಯ ಜಾಗಕ್ಕೆ ಪೆನ್ ಡ್ರೈವ್ ಬಂದಿದೆ. ಬೆರೆಸುವ ಕೆಲಸಕ್ಕೆ ವಿಂಡೋಸ್‌ನೊಳಗೇ ‘ಡಿಸ್ಮ್’ ಎಂಬ ಸಾಧನವಿದೆ. ಈಗಿನ ತಿಂಗಳ ಅಪ್‌ಡೇಟಿನಲ್ಲಿ ಹಿಂದಿನ ತಿಂಗಳುಗಳವೂ ಅಡಕವಾಗಿರುವುದರಿಂದ ಪ್ರತಿಯೊಂದನ್ನೂ ಹುಡುಕಿ ಸೇರಿಸುವ ತಾಪತ್ರಯವಿಲ್ಲ.

ಪಾಲಕರು ಗಮನಿಸಬೇಕಾದ ಮಾತೊಂದಿದೆ. ‘ಎಲ್ಲ ಸೇರಿಸಿದ್ದೇವೆ’ ಎಂದು ಅಗ್ಗಕ್ಕೆ ಸಿಗುವ ಡಿಸ್ಕುಗಳನ್ನು ನಂಬಬಾರದು. ಅಪ್‌ಡೇಟ್ ಸೇರಿಸಬಲ್ಲವನು ಪಾಸ್‌ವರ್ಡ್ ಕದಿಯುವ ತಂತ್ರಾಂಶವನ್ನೂ ಸೇರಿಸಬಲ್ಲ. ಅದೇ ಕಂಪ್ಯೂಟರಿನಲ್ಲಿ ಮಗಳು ಪ್ರವೇಶ ಅರ್ಜಿ ತುಂಬುತ್ತಾಳೆ, ತಂದೆ ಬ್ಯಾಂಕ್ ವ್ಯವಹಾರ ಮಾಡುತ್ತಾರೆ. ಮೂಲ ಪ್ರತಿಯೂ ಅಪ್‌ಡೇಟುಗಳೂ ತಯಾರಕರ ತಾಣದಿಂದಲೇ ಬರಬೇಕು.

ತೇಪೆ ಬರುವುದೇ ನಿಂತರೆ? ಎಕ್ಸ್‌ಪಿಗೆ ಬೆಂಬಲ 2014ರ ಏಪ್ರಿಲ್ 8ರಂದು ನಿಂತಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸ ಯಂತ್ರ ಕೊಳ್ಳಲಾಗದ ಮನೆಗೆ ಲಿನಕ್ಸ್ ಒಂದು ದಾರಿ. ಕಾಸರಗೋಡಿನ ಕನ್ನಡ ಮಾಧ್ಯಮದವೂ ಸೇರಿ ಕೇರಳದ ಶಾಲೆಗಳ ಉದಾಹರಣೆ ಕಣ್ಣೆದುರೇ ಇದೆ. ಅಲ್ಲಿನ ಸರಕಾರದ ‘ಕೈಟ್’ ಸಂಸ್ಥೆ 2019ರಲ್ಲಿ ಉಬುಂಟು 18.04 ಆಧರಿಸಿ, ಪಾಠಕ್ಕೆ ಬೇಕಾದ ತಂತ್ರಾಂಶಗಳನ್ನು ಮೊದಲೇ ಸೇರಿಸಿ, ಶಾಲೆಗಳಿಗೆಂದೇ ಕಾರ್ಯವ್ಯವಸ್ಥೆಯೊಂದನ್ನು ಸಿದ್ಧಪಡಿಸಿತು. ಪ್ರತಿ ಯಂತ್ರಕ್ಕೂ ಒಂದೊಂದನ್ನೇ ಹಾಕುತ್ತ ಕೂರುವ ಕೆಲಸ ಶಿಕ್ಷಕರಿಗೆ ತಪ್ಪಿತು.

ಮುಂದಿನ ಸಲ ಫಾರ್ಮ್ಯಾಟ್ ಮಾಡಿಸುವ ಮುನ್ನ ನಿಮ್ಮ ಕಡತಗಳನ್ನು ಬೇರೆಡೆ ನಕಲಿಸಿಕೊಳ್ಳಿ. ಆಮೇಲೆ ಎರಡೇ ಪ್ರಶ್ನೆ ಕೇಳಿ: ಈ ಡಿಸ್ಕ್ ಯಾವಾಗಿನದು? ಎಲ್ಲಿಂದ ಬಂದದ್ದು?