ದೇಗಾಂವದ ಗುಡಿ, ವಿಲಾಯತಿಯ ಪರೀಕ್ಷೆ

ಕಿತ್ತೂರಿಗೆ ಹೋದವರು ಚೆನ್ನಮ್ಮ ರಾಣಿಯ ಕೋಟೆಯ ಅವಶೇಷಗಳನ್ನು ನೋಡಿ ಹಿಂತಿರುಗುವುದೇ ವಾಡಿಕೆ. ಅಲ್ಲಿಂದ ಕೆಲವೇ ಮೈಲಿಗಳಾಚೆ ಇರುವ ದೇಗಾಂವದವರೆಗೆ ಹೋಗುವ ಶ್ರಮ ತೆಗೆದುಕೊಳ್ಳುವವರು ಕಡಿಮೆ. ಹೋದವರಿಗೆ ಅಲ್ಲಿ 12ನೆಯ ಶತಮಾನದ ಕಮಲನಾರಾಯಣ ದೇವಾಲಯ ಕಾಣಸಿಗುತ್ತದೆ. ಗೋವೆಯ ಕದಂಬರ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದ ಗುಡಿ ಅದು. ಮೂರು ಗರ್ಭಗುಡಿಗಳು, ಸಾಲುಗಂಬಗಳ ಮಂಟಪ, ಛಾವಣಿಯಲ್ಲಿ ಅರಳಿದ ಕಲ್ಲಿನ ಕಮಲಗಳು. ರಾಣಿಯು ಗುಡಿಯನ್ನು ಕಟ್ಟಿಸಿ ಸುಮ್ಮನಾಗಲಿಲ್ಲ. ಅಗ್ರಹಾರವನ್ನು ಸ್ಥಾಪಿಸಿ ವಿದ್ವಾಂಸರನ್ನು ಅಲ್ಲಿ ನೆಲೆಗೊಳಿಸಿದಳೆಂದು ಶಾಸನಗಳಿಂದ ತಿಳಿಯುತ್ತದೆ. ಆ ವಿದ್ಯೆ ಊರಿನ ಯಾವ ಮನೆಗಳ ಹೊಸ್ತಿಲವರೆಗೆ ಬಂದಿತು, ಯಾವ ಮನೆಗಳಿಗೆ ಬರಲೇ ಇಲ್ಲ ಎಂಬುದು ಬೇರೆಯ ಪ್ರಶ್ನೆ. ಅಂದು ವಿದ್ಯಾವಂತರು ಈ ಊರಿಗೆ ಬಂದರು. ಇಂದು ವಿದ್ಯೆಯನ್ನರಸಿ ಈ ಸೀಮೆಯ ತರುಣರು ಊರನ್ನಷ್ಟೇ ಅಲ್ಲ, ದೇಶವನ್ನೂ ಬಿಟ್ಟು ಹೊರಡಲು ಅಣಿಯಾಗುತ್ತಿದ್ದಾರೆ.

ಇದು ಒಂದೂರಿನ ಸಂಗತಿಯಲ್ಲವೆಂದು ಹೇಳಬೇಕಾದುದಿಲ್ಲ. ಅಮೇರಿಕದ ವಿಶ್ವವಿದ್ಯಾಲಯಗಳಲ್ಲಿ 2023-24ರಲ್ಲಿ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3,31,602ಕ್ಕೇರಿ ಚೀನೀಯರ ಸಂಖ್ಯೆಯನ್ನು ಹಿಂದೆ ಹಾಕಿತು. ಮರುವರ್ಷ ಅದು 3,63,019 ಆಯಿತು. ಈ ಪ್ರವಾಹದಲ್ಲಿ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಪಾಲು ಒಂದು ಬೊಗಸೆಯಷ್ಟೇ ಇದ್ದೀತು. ಆದರೆ ಆ ಬೊಗಸೆ ನೀರೂ ಹೊರಗೆ ಹರಿಯುವುದಕ್ಕೆ ಮೊದಲು ಒಂದು ಸಣ್ಣ ತೂಬನ್ನು ದಾಟಬೇಕು. ಅದೇ ಇಂಗ್ಲಿಷ್ ಪ್ರಾವೀಣ್ಯದ ಪರೀಕ್ಷೆ. ಐಇಎಲ್‌ಟಿಎಸ್, ಟೋಫೆಲ್ ಎಂಬ ಹೆಸರುಗಳು ಹತ್ತು ವರ್ಷಗಳ ಹಿಂದೆ ನಮ್ಮ ಹಳ್ಳಿಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಂದು ಹೊಲದಲ್ಲಿ ನೀರು ಹಾಯಿಸುವ ತಂದೆಗೂ ಮಗನಿಗೆ ‘ಬ್ಯಾಂಡು’ ಎಷ್ಟು ಬಂತೆಂಬ ಚಿಂತೆ.

ಪರೀಕ್ಷೆಯ ಶುಲ್ಕ ಸುಮಾರು 18 ಸಾವಿರ ರೂಪಾಯಿ. 2025-26ಕ್ಕೆ ಸರಕಾರ ಗೊತ್ತುಪಡಿಸಿದ ಸೋಯಾಬೀನಿನ ಬೆಂಬಲ ಬೆಲೆ ಕ್ವಿಂಟಲಿಗೆ 5,328 ರೂಪಾಯಿ. ಎಂದರೆ ಒಂದು ಸಲ ಪರೀಕ್ಷೆಗೆ ಕುಳಿತೇಳಲು ಮೂರು ಕ್ವಿಂಟಲಿಗೂ ಮಿಕ್ಕಿದ ಕಾಳು ಬೇಕು, ಅದೂ ಬೆಂಬಲ ಬೆಲೆ ನಿಜವಾಗಿ ಕೈಗೆ ಬಂದರೆ. ಪಡೆದ ಅಂಕಕ್ಕೆ ಎರಡೇ ವರ್ಷದ ಆಯುಸ್ಸು. ಶಿಕ್ಷಣ ತರಗತಿಗಳ ಶುಲ್ಕ, ಊರಿಂದ ಊರಿಗೆ ಓಡಾಟ, ಪೇಟೆಯಲ್ಲಿ ಕೋಣೆಯ ಬಾಡಿಗೆ ಇವನ್ನು ಇದರ ಮೇಲೆ ಕೂಡಿಸಬೇಕು.

ಕಳೆದ ವರ್ಷ ಈ ಭಾಗದ ಒಬ್ಬ ತರುಣ ನಮ್ಮಲ್ಲಿಗೆ ಬಂದಿದ್ದ. ಹತ್ತನೆಯ ಇಯತ್ತೆಯವರೆಗೆ ಕನ್ನಡ ಶಾಲೆ, ಆಮೇಲೆ ಇಂಜಿನಿಯರಿಂಗ್ ಪದವಿ. ಒಮ್ಮೆ ಪರೀಕ್ಷೆಗೆ ಕುಳಿತು, ಬರವಣಿಗೆಯಲ್ಲಿಯೂ ಮಾತಿನಲ್ಲಿಯೂ 5.5 ಪಡೆದು, ಬೇಕಾದ 6.5ಕ್ಕೆ ಒಂದು ಬ್ಯಾಂಡು ಕಡಿಮೆಯಾಗಿ ನಿರಾಶನಾಗಿದ್ದ. ಮಾತಿನ ಪರೀಕ್ಷೆ ಹನ್ನೊಂದರಿಂದ ಹದಿನಾಲ್ಕು ನಿಮಿಷದ ಸಂಭಾಷಣೆ. ಅದರ ನಡುವೆ ಒಂದು ಚೀಟಿ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಎರಡು ನಿಮಿಷದವರೆಗೆ ಮಾತಾಡಿರೆನ್ನುತ್ತಾರೆ. ನೀವು ಕಂಡ ಒಂದು ಐತಿಹಾಸಿಕ ಸ್ಥಳವನ್ನು ವರ್ಣಿಸಿರಿ ಎಂಬ ಬಗೆಯ ಚೀಟಿಗೆ ಏನು ಹೇಳುವೆಯೆಂದು ಕೇಳಿದೆವು. ಅವನು ತಡೆಯಿಲ್ಲದೆ ತಾಜಮಹಲನ್ನು ಒಪ್ಪಿಸಿದ. ಶಹಜಹಾನ, ಯಮುನೆ, ಬಿಳಿಯ ಸಂಗಮರವರಿ ಕಲ್ಲು, ಎಲ್ಲವೂ ಕ್ರಮವಾಗಿ ಬಂದವು. ಆಗ್ರಾಕ್ಕೆ ಯಾವಾಗ ಹೋಗಿದ್ದೆ ಎಂದರೆ, ಹೋಗಿಯೇ ಇಲ್ಲ! ದಿನಾಲು ಕಂಡ ಕಮಲನಾರಾಯಣ ಗುಡಿಯ ಬಗ್ಗೆ ಏಕೆ ಹೇಳಬಾರದೆಂದು ಕೇಳಿದ್ದಕ್ಕೆ ಅವನ ಉತ್ತರ ಇಷ್ಟೇ: “ಅದರ ಮ್ಯಾಲ ನೋಟ್ಸ್ ಕೊಟ್ಟಿಲ್ರಿ, ಸರ.”

ಇಂಗ್ಲಿಷ್ ಬೇಡ, ಕನ್ನಡದಲ್ಲಿಯೇ ಎರಡು ನಿಮಿಷ ಹೇಳು ಎಂದೆವು. ಅರ್ಧ ನಿಮಿಷಕ್ಕೆ ಮಾತು ನಿಂತಿತು. ಭಾಷೆ ಇಲ್ಲದೆ ನಿಂತದ್ದಲ್ಲ ಅದು. ಆ ಗುಡಿಯ ಕಟ್ಟೆಯ ಮೇಲೆ ಕುಳಿತು ಗೆಳೆಯರೊಡನೆ ಗಂಟೆಗಟ್ಟಲೆ ಹರಟಿದ ಹುಡುಗ ಅವನು. ಯಾರೋ ಎದುರಿಗೆ ಕುಳಿತು, ‘ಇದು ನಿನಗೆ ಹೇಗೆ ಕಾಣುತ್ತದೆ, ಏಕೆ ಹಾಗೆ ಕಾಣುತ್ತದೆ’ ಎಂದು ಕೇಳಿದ್ದು ಅವನ ಹದಿನಾರು ವರ್ಷಗಳ ವಿದ್ಯಾಭ್ಯಾಸದಲ್ಲಿ ಅದೇ ಮೊದಲ ಸಲವಿರಬೇಕು.

ಈ ಸೋಲಿಗೆ ಕನ್ನಡ ಮಾಧ್ಯಮವೇ ಕಾರಣವೆಂದು ಥಟ್ಟನೆ ತೀರ್ಪು ಕೊಡುವವರು ಈಗ ಬಹಳ. ಅವರ ಮಾತು ಪೂರ್ತಿ ಸುಳ್ಳಲ್ಲ. ಪರೀಕ್ಷೆಯ ವಾಚನ ಭಾಗದಲ್ಲಿ ಒಂದು ಗಂಟೆಯೊಳಗೆ ದೀರ್ಘವಾದ ಲೇಖನಗಳನ್ನು ಓದಿ 40 ಪ್ರಶ್ನೆಗಳಿಗೆ ಉತ್ತರಿಸಬೇಕು. ಇದಕ್ಕೆ ಬೇಕಾದುದು ವರ್ಷಗಟ್ಟಲೆಯ ಇಂಗ್ಲಿಷ್ ಓದು. ಆರು ವಾರದ ತರಗತಿಯಿಂದ ಅದು ಬಾರದು. ಶ್ರವಣ ಭಾಗದಲ್ಲಿ ಪರಕೀಯ ಉಚ್ಚಾರದ ಇಂಗ್ಲಿಷನ್ನು ಒಂದೇ ಸಲ ಕೇಳಿ ಗ್ರಹಿಸಬೇಕು. ಇಲ್ಲಿ ಹಳ್ಳಿಯ ಶಾಲೆಯ ಹುಡುಗ ಹಿಂದೆ ಬೀಳುವುದು ಸಹಜ. ಆದರೆ ನಮ್ಮವರು ಹೆಚ್ಚಾಗಿ ಮುಗ್ಗರಿಸುವುದು ಬರವಣಿಗೆ, ಮಾತುಗಳಲ್ಲಿ. ಅಲ್ಲಿ ಅಂಕ ಕೊಡುವ ಕ್ರಮವನ್ನು ತುಸು ಲಕ್ಷ್ಯವಿಟ್ಟು ನೋಡಬೇಕು. ಬರವಣಿಗೆಗೆ ನಾಲ್ಕು ಒರೆಗಲ್ಲುಗಳು, ನಾಲ್ಕಕ್ಕೂ ಸಮಾನ ತೂಕ: ಕೇಳಿದ ಪ್ರಶ್ನೆಗೆ ಸರಿಯಾಗಿ ಉತ್ತರವಿತ್ತಿದೆಯೇ, ವಿಚಾರ ಒಂದರಿಂದ ಒಂದಕ್ಕೆ ಸುಸಂಬದ್ಧವಾಗಿ ಸಾಗಿದೆಯೇ, ಶಬ್ದಸಂಪತ್ತು ಎಷ್ಟಿದೆ, ವ್ಯಾಕರಣ ಹೇಗಿದೆ. ಕೊನೆಯ ಎರಡು ಇಂಗ್ಲಿಷ್‌ಗೆ ಸೇರಿದವು, ಒಪ್ಪೋಣ. ಮೊದಲಿನ ಎರಡು ಯಾವ ಭಾಷೆಯ ಸೊತ್ತು? ಪ್ರಶ್ನೆಯನ್ನು ಅರಿತು, ನಿಲುವು ತಾಳಿ, ಅದಕ್ಕೆ ಕಾರಣ ಕೊಟ್ಟು, ಎದುರು ಪಕ್ಷವನ್ನು ವಿಚಾರಿಸಿ 250 ಶಬ್ದಗಳಲ್ಲಿ ಹೇಳುವ ವಿದ್ಯೆಯನ್ನು ಕನ್ನಡದಲ್ಲಿಯೂ ಕಲಿಸಬಹುದು. ಕಲಿಸಬಹುದಾಗಿತ್ತು ಎನ್ನುವುದು ಹೆಚ್ಚು ನಿಜ.

ನಮ್ಮ ಶಾಲೆಗಳಲ್ಲಿ ಪ್ರಬಂಧವೆಂಬುದು ಪರೀಕ್ಷೆಗೆ ಬರಬಹುದಾದ ಐದಾರು ವಿಷಯಗಳ ಬಾಯಿಪಾಠವಾಗಿ ಎಷ್ಟೋ ಕಾಲವಾಯಿತು. ಪರಿಸರ ಮಾಲಿನ್ಯ, ಗ್ರಂಥಾಲಯದ ಮಹತ್ವ, ರಾಷ್ಟ್ರೀಯ ಹಬ್ಬಗಳು. ಫಲಕದ ಮೇಲೆ ಮಾಸ್ತರರು ಬರೆದದ್ದು, ವಹಿಯಲ್ಲಿ ಹುಡುಗರು ಇಳಿಸಿಕೊಂಡದ್ದು, ಉತ್ತರಪತ್ರಿಕೆಗೆ ಅಕ್ಷರಶಃ ಹೋದದ್ದು. ಒಂದು ವರ್ಗದ ನಲವತ್ತು ಹುಡುಗರಿಗೆ ಗ್ರಂಥಾಲಯದ ಬಗ್ಗೆ ಒಂದೇ ಅಭಿಪ್ರಾಯ! ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಇದಕ್ಕಿಂತ ಬೇರೆಯಾದುದು ನಡೆಯುತ್ತಿದೆಯೆಂದು ಭಾವಿಸಲು ನಮಗೆ ಆಧಾರ ಸಿಕ್ಕಿಲ್ಲ. ಅಲ್ಲಿಯ ಮಕ್ಕಳೂ ತಾಜಮಹಲನ್ನೇ ಒಪ್ಪಿಸುತ್ತಾರೆ, ವ್ಯಾಕರಣದ ತಪ್ಪು ಕಡಿಮೆ, ಅಷ್ಟೆ. ಪೇಟೆಯ ಶಿಕ್ಷಣ ತರಗತಿಗಳು ಈ ರೂಢಿಯನ್ನೇ ಇಂಗ್ಲಿಷಿನಲ್ಲಿ ಮುಂದುವರಿಸಿ ದುಡ್ಡು ತೆಗೆದುಕೊಳ್ಳುತ್ತವೆ. ಸಿದ್ಧವಾಕ್ಯಗಳ ಸರ, ಖಾಲಿ ಬಿಟ್ಟ ಜಾಗದಲ್ಲಿ ವಿಷಯ ತುಂಬಿದರೆ ಮುಗಿಯಿತು. ಪರೀಕ್ಷಕರಾದರೋ ಬಾಯಿಪಾಠವನ್ನು ಗುರುತಿಸಲೆಂದೇ ತರಬೇತಿ ಪಡೆದವರು. ಗುರುತಿಸಿದ ಮೇಲೆ ಅಂಕ ಇಳಿಯುತ್ತದೆ. ಹುಡುಗ ಮತ್ತೆ ಶುಲ್ಕ ಕಟ್ಟುತ್ತಾನೆ.

ಈ ಸೀಮೆಯಿಂದ ಹಿಂದೆ ಸಮುದ್ರ ದಾಟಿದವರನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ. ಸಿ. ಪಾವಟೆಯವರು ಧಾರವಾಡದ ಕರ್ನಾಟಕ ಕಾಲೇಜಿನಿಂದ ಕೇಂಬ್ರಿಜ್ಜಿಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆದರು. 1954ರಿಂದ 1967ರ ವರೆಗೆ ಕರ್ನಾಟಕ ವಿಶ್ವವಿದ್ಯಾಲಯವನ್ನು ಉಪಕುಲಪತಿಗಳಾಗಿ ಕಟ್ಟಿ ಬೆಳೆಸಿದರು. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ. ಕೃ. ಗೋಕಾಕರು ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನೇ ಓದಿ ಪ್ರಥಮ ವರ್ಗ ಗಳಿಸಿದರು. ಆ ಪ್ರವಾಸದಿಂದ ಅವರು ತಂದುದು ‘ಸಮುದ್ರ ಗೀತೆಗಳು’ ಎಂಬ ಕನ್ನಡ ಕಾವ್ಯವನ್ನು. ಮುಂದೆ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯನ್ನು ನಡೆಸಿದವರೂ ಅವರೇ, ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಅವರೇ. ಎರಡು ಭಾಷೆಗಳನ್ನು ಸವತಿಯರೆಂದು ಬಗೆದವರಿಂದ ಆಗುವ ಕೆಲಸವಲ್ಲ ಅದು.

ಆದರೆ ಈ ಹೆಸರುಗಳನ್ನು ಹೇಳಿ ಇಂದಿನ ಹುಡುಗರನ್ನು ಹೀಗಳೆಯುವುದು ಅನ್ಯಾಯ. ಆಗ ಹೋಗುತ್ತಿದ್ದವರು ಜಿಲ್ಲೆಗೆ ಒಬ್ಬಿಬ್ಬರು, ಅಸಾಧಾರಣ ಬುದ್ಧಿಯವರು. ಅವರು ಕಲಿತ ಮಾಧ್ಯಮಿಕ ಶಾಲೆಗಳಲ್ಲಿ ಇಂಗ್ಲಿಷೇ ಬೋಧನಭಾಷೆಯಾಗಿತ್ತು. ಈಗ ಹೊರಡುತ್ತಿರುವವರು ಸಾಧಾರಣ ರೈತರ, ಶಿಕ್ಷಕರ, ಅಂಗಡಿಕಾರರ ಮಕ್ಕಳು. ಇದು ಕೊರಗಬೇಕಾದ ಸಂಗತಿಯಲ್ಲ. ಸವದತ್ತಿ ತಾಲೂಕಿನ ಸಿರಸಂಗಿಯ ದೇಸಾಯಿ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಬಡ ಹುಡುಗರ ವಿದ್ಯೆಗೆ ಬರೆದಿಟ್ಟದ್ದು ಇಂಥವರು ಹೊರಡಲಿ ಎಂದೇ ಅಲ್ಲವೆ? ಅವರ ಹೆಸರಿನ ಲಿಂಗರಾಜ ಕಾಲೇಜಿನಲ್ಲಿ 1950ರ ದಶಕದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಕೆ. ರಾಮಾನುಜನ್ನರು 1959ರಲ್ಲಿ ಅಮೇರಿಕಕ್ಕೆ ಹೋದರು. ಅವರು ಸಂಗ್ರಹಿಸಿದ ಕನ್ನಡ ಜನಪದ ಕಥೆಗಳಲ್ಲಿ ಒಂದು ಈ ಸಂದರ್ಭದಲ್ಲಿ ಮತ್ತೆ ಮತ್ತೆ ನೆನಪಾಗುತ್ತದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಅವಳು ಅವನ್ನು ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಗಟ್ಟಿದ ಅವು ಬೇಸತ್ತು ಹೊರಬಿದ್ದು, ಒಂದು ಜೋಡಾಯಿತು, ಒಂದು ಕೋಟಾಯಿತು. ಮನೆಗೆ ಬಂದ ಗಂಡ ‘ಇವು ಯಾರವು’ ಎಂದು ಜಗಳ ತೆಗೆದ. ನಮ್ಮ ಹುಡುಗರ ಒಳಗೂ ಹೀಗೆ ಹೇಳದೆ ಉಳಿದದ್ದು ಬಹಳವಿದೆ. ಹೊಲದ ಲೆಕ್ಕ, ಜಾತ್ರೆ, ಮಲಪ್ರಭೆಯ ನೀರು, ಗುಡಿಯ ಕಲ್ಲು. ಶಾಲೆ ಅದನ್ನು ಕೇಳಲಿಲ್ಲ. ಹಾಗಾಗಿ ಅವರ ಬಾಯಿಂದ ತಾಜಮಹಲು ಬರುತ್ತದೆ.

ರಾಜ್ಯದ ಭಾಷಾನೀತಿಯಾದರೂ ಏನು ಮಾಡಿತು? 2007ರಲ್ಲಿ ಸರಕಾರಿ ಶಾಲೆಗಳಲ್ಲಿ ಒಂದನೆಯ ಇಯತ್ತೆಯಿಂದಲೇ ಇಂಗ್ಲಿಷ್ ಬಂದಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರಕಾರ ಕಡ್ಡಾಯಗೊಳಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿತು. 2019ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವರ್ಗಗಳು ತೆರೆದವು. ಈ ವಾದವಿವಾದಗಳಲ್ಲೆಲ್ಲ ಪ್ರಶ್ನೆ ಒಂದೇ: ಯಾವ ಭಾಷೆಯಲ್ಲಿ ಕಲಿಸಬೇಕು? ಆ ಭಾಷೆಯಲ್ಲಿ ಮಗು ಎಷ್ಟು ಹೊತ್ತು ಮಾತಾಡುತ್ತದೆ, ತನ್ನದೇ ಆದ ಎಷ್ಟು ವಾಕ್ಯ ಬರೆಯುತ್ತದೆ ಎಂದು ವಿಚಾರಿಸಿದವರು ವಿರಳ.

ಇದನ್ನು ಕೇವಲ ಶಾಲೆಯ ಮಾತೆಂದು ತಳ್ಳಿಬಿಡುವಂತಿಲ್ಲ. ಇದರ ಹಿಂದೆ ಮನೆಗಳ ಸಾಲವಿದೆ. ಬ್ಯಾಂಕುಗಳು ಸಾಮಾನ್ಯವಾಗಿ ಏಳೂವರೆ ಲಕ್ಷ ರೂಪಾಯಿಯವರೆಗಿನ ಶಿಕ್ಷಣ ಸಾಲಕ್ಕೆ ಒತ್ತೆ ಕೇಳುವುದಿಲ್ಲ. ವಿಲಾಯತಿಯ ಓದಿಗೆ ಅದು ಯಾವ ಮೂಲೆಗೆ? ಬಹುತೇಕ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಶುಲ್ಕವಿಲ್ಲದ ಜರ್ಮನಿಗೆ ಹೋಗುವುದಾದರೂ ಮೊದಲ ವರ್ಷದ ಜೀವನವೆಚ್ಚಕ್ಕೆಂದು 11,904 ಯೂರೋ ಠೇವಣಿ ತೋರಿಸಬೇಕೆಂದು 2024ರಲ್ಲಿ ಗೊತ್ತುಮಾಡಿದರು. ಹೋಗುವ ದೇಶಗಳ ಬಾಗಿಲುಗಳೂ ಕಿರಿದಾಗುತ್ತಿವೆ. ಕೆನಡಾ 2024ರ ಜನವರಿಯಲ್ಲಿ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹಾಕಿತು. ಆಸ್ಟ್ರೇಲಿಯ ಅದೇ ವರ್ಷದ ಮಾರ್ಚಿನಲ್ಲಿ ವೀಸಾಕ್ಕೆ ಬೇಕಾದ ಇಂಗ್ಲಿಷ್ ಅಂಕವನ್ನು 5.5ರಿಂದ 6ಕ್ಕೆ ಏರಿಸಿತು. ಅಮೇರಿಕ 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರಿನ ಶುಲ್ಕ ಸಾರಿತು. ಅಲ್ಲಿ ನೌಕರಿ ಹಿಡಿದು ಸಾಲ ತೀರಿಸುತ್ತೇನೆಂಬ ಲೆಕ್ಕ ಹಾಕಿದವನಿಗೆ ಲೆಕ್ಕವೇ ತಪ್ಪಿತು. ಇಂಥ ಕಾಲದಲ್ಲಿ ಅರ್ಧ ಬ್ಯಾಂಡಿಗಾಗಿ ಮೂರು ಮೂರು ಸಲ ಶುಲ್ಕ ಕಟ್ಟುವುದು ಎಂಥ ಮನೆಗೆ ತಾಳೀತು? ಹಿಂದುಳಿದ, ದಲಿತ ಮನೆಗಳ ಮಕ್ಕಳಿಗೆ ಕೇಂದ್ರ, ರಾಜ್ಯ ಸರಕಾರಗಳ ವಿದೇಶ ವ್ಯಾಸಂಗದ ವಿದ್ಯಾರ್ಥಿವೇತನಗಳು ಇಲ್ಲದಿಲ್ಲ. ಆದರೆ ವಿದ್ಯಾರ್ಥಿವೇತನಕ್ಕೆ ಪ್ರವೇಶಪತ್ರ ಬೇಕು, ಪ್ರವೇಶಪತ್ರಕ್ಕೆ ಮತ್ತೆ ಈ ಅಂಕವೇ ಬೇಕು. ಕೈ ಹಿಡಿಯಬೇಕಾದ ನೆರವು ತೂಬಿನ ಆಚೆ ನಿಂತಿದೆ.

ಒಂದು ವ್ಯಾವಹಾರಿಕ ಮಾತನ್ನು ಇಲ್ಲಿ ಹೇಳಿಬಿಡಬೇಕು, ಏಕೆಂದರೆ ತರಗತಿ ನಡೆಸುವವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳು ಹನ್ನೆರಡನೆಯ ಇಯತ್ತೆಯ ಇಂಗ್ಲಿಷ್ ಅಂಕಗಳು ಚೆನ್ನಾಗಿದ್ದರೆ ಬೇರೆ ಪರೀಕ್ಷೆ ಕೇಳುವುದಿಲ್ಲ. ಪದವಿಯ ಬೋಧನಭಾಷೆ ಇಂಗ್ಲಿಷಾಗಿತ್ತೆಂಬ ಕಾಲೇಜಿನ ಪ್ರಮಾಣಪತ್ರವನ್ನು ಒಪ್ಪುವವೂ ಇವೆ. ಶುಲ್ಕ ಕಟ್ಟುವ ಮುನ್ನ ವಿಶ್ವವಿದ್ಯಾಲಯಕ್ಕೆ ಒಂದು ಪತ್ರ ಬರೆದು ಕೇಳಿದರೆ ಖರ್ಚೇನೂ ಇಲ್ಲ. ಆ ಪತ್ರವನ್ನೂ ಸ್ವಂತ ಮಾತಿನಲ್ಲಿ ಬರೆದರೆ ಮೇಲು.

ಶಿಕ್ಷಕ ಮಿತ್ರರಲ್ಲಿ ನಮ್ಮ ಬೇಡಿಕೆ ದೊಡ್ಡದಲ್ಲ. ವಾರಕ್ಕೆ ಒಂದು ತಾಸು ಹುಡುಗರು ಮಾತಾಡಲಿ, ಮಾಸ್ತರರು ಕೇಳಲಿ. ಕನ್ನಡದ ತಾಸಿನಲ್ಲಿಯೇ ಆಗಲಿ. ಊರಿನ ಯಾವ ಸಂಗತಿಯಾದರೂ ಸಾಕು: ಕೆರೆ ಹೂಳೆತ್ತಬೇಕೇ, ಜಾತ್ರೆಯ ಖರ್ಚು ಹೆಚ್ಚಾಯಿತೇ, ಗುಡಿಯ ಸುತ್ತಿನ ಜಾಗ ಯಾರು ನೋಡಿಕೊಳ್ಳಬೇಕು. ಬರೆದುಕೊಟ್ಟ ಭಾಷಣ ಬೇಡ. ತಪ್ಪಿದರೆ ತಪ್ಪಲಿ, ನಿಂತರೆ ನಿಲ್ಲಲಿ. ಗ್ರಾಮ ಪಂಚಾಯತಿಯ ಅರಿವು ಕೇಂದ್ರಗಳಲ್ಲಿ ಒಂದು ಇಂಗ್ಲಿಷ್ ಪತ್ರಿಕೆ ನಿತ್ಯ ಬರಲಿ, ಬಂದದ್ದು ಕಪಾಟಿನಲ್ಲಿ ಬೀಗದ ಹಿಂದೆ ಕೂಡದಿರಲಿ.

ಆ ತರುಣ ಆಮೇಲೆ ಎರಡು ಸಲ ಬಂದಿದ್ದ. ಎರಡನೆಯ ಸಲ ದೇಗಾಂವದ ಗುಡಿಯ ಬಗ್ಗೆ ಕನ್ನಡದಲ್ಲಿ ನಾಲ್ಕು ನಿಮಿಷ ಹೇಳಿದ. ಬೇಸಗೆಯ ಮಧ್ಯಾಹ್ನ ಮಂಟಪದೊಳಗಿನ ತಂಪು, ಬಾಲ್ಯದಲ್ಲಿ ಕಂಬ ಎಣಿಸುವಾಗ ಪ್ರತಿಸಲವೂ ಲೆಕ್ಕ ತಪ್ಪುತ್ತಿದ್ದುದು, ತನ್ನ ಹೆಸರಿನ ಗುಡಿ ಕಟ್ಟಿಸಿದ ರಾಣಿಗೆ ಸಂಕೋಚವಾಗಲಿಲ್ಲವೇ ಎಂದು ಅವನ ತಂಗಿ ಕೇಳಿದ್ದು. ಇಂಗ್ಲಿಷಿನಲ್ಲಿ ಹೇಳಿದಾಗ ಒಂದೂವರೆ ನಿಮಿಷವಾಯಿತು. ಕ್ರಿಯಾಪದಗಳು ಮೂರು ಕಡೆ ಮುಗ್ಗರಿಸಿದವು, ಮಾತು ನಿಲ್ಲಲಿಲ್ಲ. ಮುಂದಿನ ತಿಂಗಳು ಮತ್ತೆ ಪರೀಕ್ಷೆಗೆ ಕೂಡುತ್ತಾನೆ. ಶುಲ್ಕ ಕಟ್ಟಿಯಾಗಿದೆ. ತಾಜಮಹಲಿನ ನೋಟ್ಸನ್ನೂ, ಇರಲಿ ಎಂದು, ಚೀಲದಲ್ಲಿ ಇಟ್ಟುಕೊಂಡೇ ಇದ್ದಾನೆ.