ಬೀಗವಿಲ್ಲದ ಕಡತ, ಬೇರೆಯವರ ಬದುಕು

"ನನ್ನ ಲ್ಯಾಪ್‌ಟಾಪಿನಲ್ಲಿ ಕದಿಯುವಂಥದ್ದು ಏನಿದೆ ಮಾರಾಯ?" ಕಡತಗಳಿಗೆ ಬೀಗ ಹಾಕಿ ಎಂದರೆ ಸಂಶೋಧನಾ ವಿದ್ಯಾರ್ಥಿಗಳಾದ ನಮ್ಮಿಂದ ಬರುವ ಮೊದಲ ಉತ್ತರ ಇದು. ಕೇಳಲು ವಿನಯದ ಮಾತು. ನಿಜದಲ್ಲಿ ಬೇಜವಾಬ್ದಾರಿಯ ಮಾತು.

ಕ್ಷೇತ್ರಕಾರ್ಯವನ್ನೇ ತೆಗೆದುಕೊಳ್ಳಿ. ಗಂಡನ ಹೊಡೆತದ ಬಗ್ಗೆ ಹೇಳಿಕೊಂಡ ಹೆಂಗಸು, ಊರಿನ ಮೇಲ್ಜಾತಿಯವರ ದಬ್ಬಾಳಿಕೆಯನ್ನು ಹೆಸರು ಹಿಡಿದು ವಿವರಿಸಿದ ಕೂಲಿಕಾರ, ಮೇಲ್ವಿಚಾರಕನ ಕಾಟ ಬಿಚ್ಚಿಟ್ಟ ಗಾರ್ಮೆಂಟ್ಸ್ ಕಾರ್ಮಿಕೆ: ಇವರೆಲ್ಲ ಬಾಯಿಬಿಟ್ಟದ್ದು ನಮ್ಮನ್ನು ನಂಬಿ. ಪ್ರಬಂಧದಲ್ಲಿ 'ಹೆಸರು ಬದಲಿಸಲಾಗಿದೆ' ಎಂದು ಅಡಿಟಿಪ್ಪಣಿ ಹಾಕಿ ನಾವು ಕೈತೊಳೆದುಕೊಳ್ಳುತ್ತೇವೆ. ಆದರೆ ಲ್ಯಾಪ್‌ಟಾಪಿನ ಫೋಲ್ಡರಿಗೆ ಇಟ್ಟಿರುವುದು ಅವರ ನಿಜವಾದ ಹೆಸರನ್ನೇ. ಅದರೊಳಗೆ ಊರು, ಫೋನ್ ನಂಬರು, ಧ್ವನಿ. ಯಾವ ಸುಳ್ಳು ಹೆಸರು ಯಾರದ್ದೆಂಬ ಪಟ್ಟಿಯೂ ಅಲ್ಲೇ. ಅದೇ ಕಡತಗಳನ್ನು ಹೊತ್ತ ಪೆನ್‌ಡ್ರೈವ್ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೂ ಹೋಗಿಬರುತ್ತದೆ.

'ಪಾಸ್‌ವರ್ಡ್ ಇದೆಯಲ್ಲ' ಎನ್ನುವವರು ಗಮನಿಸಬೇಕು. ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ ಲಾಗಿನ್ ಪಾಸ್‌ವರ್ಡ್ ಕೆಲಸಕ್ಕೆ ಬಾರದು. ಎನ್‌ಕ್ರಿಪ್ಟ್ ಆಗದ ಕಡತಗಳು ಹಾಗೆಯೇ ತೆರೆದುಕೊಳ್ಳುತ್ತವೆ. ಫೋಲ್ಡರನ್ನು 'ಹಿಡನ್' ಮಾಡುವುದಂತೂ ಬರಿ ಕಣ್ಣಾಮುಚ್ಚಾಲೆ. ಎನ್‌ಕ್ರಿಪ್ಶನ್ ಎಂದರೆ ಕೀಲಿಯಿಲ್ಲದವರಿಗೆ ಓದಲಾಗದಂತೆ ಕಡತವನ್ನೇ ಮಾರ್ಪಡಿಸುವುದು. ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್, ವಿಂಡೋಸ್ ಪ್ರೊದಲ್ಲಿ ಬಿಟ್‌ಲಾಕರ್ ಇದ್ದೇ ಇವೆ. ವೆರಾಕ್ರಿಪ್ಟ್ ಉಚಿತ, ಪೆನ್‌ಡ್ರೈವಿಗೂ ಆಗುತ್ತದೆ. ಕೀಲಿ ಕಳೆದರೆ ನಾವೂ ಹೊರಗೇ. ಆದ್ದರಿಂದ ರಿಕವರಿ ಕೀಲಿಯನ್ನು ಕಾಗದದಲ್ಲಿ ಬರೆದು ಲ್ಯಾಪ್‌ಟಾಪಿನಿಂದ ದೂರ ಇಡಬೇಕು. ಕಡತಗಳ ಇನ್ನೊಂದು ಪ್ರತಿಯನ್ನೂ ಎನ್‌ಕ್ರಿಪ್ಟ್ ಮಾಡಿಯೇ ಇಡಬೇಕು. ಇನ್ನು, ಲಾಗಿನ್ ಆದ ಲ್ಯಾಪ್‌ಟಾಪನ್ನು ಸಿನಿಮಾ ನೋಡಲು ಗೆಳೆಯರ ಕೈಗೆ ಕೊಟ್ಟರೆ ಯಾವ ಎನ್‌ಕ್ರಿಪ್ಶನ್ನೂ ಕಾಯದು.

ಅಸಡ್ಡೆಯ ಬೆಲೆ ತೆರುವವರು ಯಾರು? ಫಿನ್ಲೆಂಡಿನ ವಾಸ್ತಾಮೊ ಎಂಬ ಮನೋಚಿಕಿತ್ಸಾ ಸಂಸ್ಥೆಯ ದಾಖಲೆಗಳು ಕಳವಾದದ್ದು 2020ರಲ್ಲಿ ಜಗಜ್ಜಾಹೀರಾಯಿತು. ಕಳ್ಳ ಮೊದಲು ಸಂಸ್ಥೆಯನ್ನು ಹೆದರಿಸಿದ. ಅಲ್ಲಿ ಹಣ ಹುಟ್ಟದಿದ್ದಾಗ ನೇರವಾಗಿ ರೋಗಿಗಳಿಗೇ ಇಮೇಲ್ ಕಳಿಸಿ, 200 ಯುರೊ ಕೊಡದಿದ್ದರೆ ಚಿಕಿತ್ಸಕರೊಡನೆ ಆಡಿದ ಮಾತುಗಳನ್ನು ಬಹಿರಂಗಪಡಿಸುವುದಾಗಿ ಬೆದರಿಸಿದ. ದಾಖಲೆ ಕಾಯಬೇಕಿದ್ದವರು ಒಬ್ಬರು, ನಡುಗಿದವರು ಇನ್ನೊಬ್ಬರು. ನಮ್ಮ ಫೋಲ್ಡರುಗಳ ಮಟ್ಟಿಗೂ ಇದೇ ಸತ್ಯ.

'ಜ್ಞಾನ ಎಲ್ಲರದ್ದು, ಸಂಶೋಧಕ ಮುಚ್ಚಿಡಬಾರದು' ಎಂಬ ವಾದವೂ ಇದೆ. ಒಪ್ಪೋಣ. ಅದಕ್ಕೆಂದೇ ಪ್ರಬಂಧಗಳು ಶೋಧಗಂಗಾದಲ್ಲಿ ಎಲ್ಲರಿಗೂ ತೆರೆದಿವೆ. ನಮ್ಮ ತೀರ್ಮಾನಗಳು ಸಾರ್ವಜನಿಕ. ಆ ಹೆಂಗಸಿನ ದನಿ ಸಾರ್ವಜನಿಕವಲ್ಲ. ಅದನ್ನು ಹಂಚುವ ಹಕ್ಕನ್ನು ಆಕೆ ನಮಗೆ ಕೊಟ್ಟಿಲ್ಲ.

ಯುಜಿಸಿ 2019ರಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಸಂಶೋಧನೆ ಮತ್ತು ಪ್ರಕಟಣೆಯ ನೀತಿಯ ಕುರಿತು 2 ಕ್ರೆಡಿಟ್‌ಗಳ ಕೋರ್ಸನ್ನು ಕಡ್ಡಾಯ ಮಾಡಿತು. ಕೃತಿಚೌರ್ಯದ ಬಗ್ಗೆ ನಾವೀಗ ಗಂಟೆಗಟ್ಟಲೆ ಕೇಳುತ್ತೇವೆ, ತಂತ್ರಾಂಶ ಕೊಡುವ ಶೇಕಡಾವಾರನ್ನು ನೋಡಿ ಬೆವರುತ್ತೇವೆ. ಬೇರೆಯವರ ವಾಕ್ಯ ಕದ್ದರೆ ಪದವಿಗೇ ಕುತ್ತು. ಬೇರೆಯವರ ಬದುಕನ್ನು ಬೀದಿಯಲ್ಲಿ ಬಿಟ್ಟರೆ? ಯಾರೂ ಕೇಳುವುದಿಲ್ಲ. ಕ್ಷೇತ್ರಕಾರ್ಯಕ್ಕೆ ಕಳಿಸುವ ಮುನ್ನ ಮಾರ್ಗದರ್ಶಕರು 'ರೆಕಾರ್ಡಿಂಗ್ ಎಲ್ಲಿಡುತ್ತೀಯ, ಕೀಲಿ ಯಾರ ಹತ್ತಿರ ಇರುತ್ತದೆ' ಎಂದು ಕೇಳಲೇಬೇಕು. ಅವರು ಕೇಳುವವರೆಗೆ ಕಾಯಬೇಕಾದ ಅಗತ್ಯವೂ ನಮಗಿಲ್ಲ.